ಆರ್ಕಿಮಿಡೀಸನ ಊರಿಗೆ ಯಾವ ಬಸ್ಸು?

ಪ್ರವಾಸ ಸಂಸ್ಥೆಗಳ ಕರಪತ್ರವನ್ನು ಉರ್ದು ಪುಸ್ತಕದ ಹಾಗೆ ಹಿಂದಿನಿಂದ ಓದಬೇಕು. ಮುಂದಿನ ಪುಟದಲ್ಲಿ ನೀಲಿ ಸಮುದ್ರ, ಬಿಳಿ ಕಂಬಗಳು, ನಗುನಗುತ್ತಾ ನಿಂತ ದಂಪತಿ ಇರುತ್ತಾರೆ. ಕೊನೆಯ ಪುಟದಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ‘ಈ ಕೆಳಗಿನವು ದರದಲ್ಲಿ ಸೇರಿಲ್ಲ’ ಎಂಬ ಪಟ್ಟಿ ಇರುತ್ತದೆ. ನಾನು ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನು. ಯಾವ ಕಾಗದದಲ್ಲೇ ಆಗಲಿ, ಸಣ್ಣ ಅಕ್ಷರದಲ್ಲಿ ಬರೆದದ್ದೇ ದೊಡ್ಡ ವಿಷಯ ಎಂಬುದು ಆ ಕೆಲಸ ನನಗೆ ಕಲಿಸಿದ ಪಾಠ.

ಈಗ ನನಗೆ ಎಪ್ಪತ್ತನಾಲ್ಕು. ನನ್ನಾಕೆಗೆ ಎಪ್ಪತ್ತು. ಆಕೆ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ, ಗಣಿತ ಕಲಿಸಿ ನಿವೃತ್ತಳಾದವಳು. ಮೂವತ್ತೊಂದು ವರ್ಷ ಪ್ರತಿ ವರ್ಷವೂ ಒಂದು ಬಕೆಟ್ ನೀರು, ಒಂದು ಸ್ಪ್ರಿಂಗ್ ತಕ್ಕಡಿ, ಒಂದು ಕಲ್ಲು ಹಿಡಿದುಕೊಂಡು ತರಗತಿಗೆ ಹೋಗಿ ಆರ್ಕಿಮಿಡೀಸನ ತತ್ತ್ವ ಹೇಳಿಕೊಟ್ಟಿದ್ದಾಳೆ. ಎಂಟನೇ ತರಗತಿಯಲ್ಲಿರುವ ಮೊಮ್ಮಗಳು ಒಂದು ಸಂಜೆ, “ಅಜ್ಜಿ, ಆರ್ಕಿಮಿಡೀಸ್ ಯಾವ ಊರವನು?” ಎಂದು ಕೇಳಿದಳು. “ಸಿರಾಕ್ಯೂಸ್, ಸಿಸಿಲಿ ದ್ವೀಪ” ಎಂದು ಉತ್ತರ ಬಂತು. “ನೀನು ನೋಡಿದ್ದೀಯಾ?” ಎಂಬುದು ಮುಂದಿನ ಪ್ರಶ್ನೆ. ಅದಕ್ಕೆ ಉತ್ತರ ಬರಲಿಲ್ಲ.

ಮಾರ್ಚಿಯಲ್ಲಿ ನಮ್ಮದೊಂದು ಐದು ವರ್ಷದ ಠೇವಣಿ ಪಕ್ವವಾಗುವುದಿತ್ತು. ಅದನ್ನು ಮತ್ತೆ ಠೇವಣಿ ಇಡಬಹುದು. ಆದರೆ ಮಂಡಿಯನ್ನು ಠೇವಣಿ ಇಡಲು ಬರುವುದಿಲ್ಲ. ಅದರ ಬಡ್ಡಿ ಪ್ರತಿ ವರ್ಷ ನಾವೇ ಕಟ್ಟುತ್ತಿದ್ದೇವೆ. ಆದ್ದರಿಂದ ಏಪ್ರಿಲ್ ರಜೆಯಲ್ಲಿ ನಾವು ಮೂವರೂ ಸಿಸಿಲಿಗೆ ಹೋಗುವುದೆಂದು ತೀರ್ಮಾನಿಸಿದೆವು. ಉಳಿದದ್ದು ಒಂದೇ ಪ್ರಶ್ನೆ: ಯಾರ ಜೊತೆ, ಯಾವ ಪ್ರವಾಸದಲ್ಲಿ?

ಈ ಪ್ರಶ್ನೆ ಚಿಕ್ಕದಲ್ಲ. ಆರು ವರ್ಷದ ಹಿಂದೆ ಒಂದು ಸಂಸ್ಥೆಯ ಜೊತೆ ಉತ್ತರ ಭಾರತಕ್ಕೆ ಹೋಗಿದ್ದೆವು. ಹತ್ತು ದಿನಕ್ಕೆ ಇಪ್ಪತ್ತೆರಡು ಸ್ಥಳ. ಎಲ್ಲರೂ ಇಳಿದು ಓಡುತ್ತಿದ್ದರು. ನನ್ನಾಕೆಗೆ ಆಗಲೇ ಮಂಡಿನೋವು. ಬಸ್ಸಿನಲ್ಲಿ ಕೂತು ಎಲ್ಲರ ಚೀಲ ಕಾಯ್ದಳು. ಊರಿಗೆ ಬಂದ ಮೇಲೆ ಯಾರೋ “ಏನೇನು ನೋಡಿದಿರಿ?” ಎಂದರೆ “ಕಿಟಕಿ” ಎಂದಳು. ಈ ಸಲ ಹಾಗಾಗಬಾರದು ಎಂಬುದೇ ನನ್ನ ಮೊದಲ ಷರತ್ತು.

ಮೊದಲು ನಕ್ಷೆ, ಆಮೇಲೆ ದರ

ಮಕ್ಕಳೇ, ನಕ್ಷೆ ತೆಗೆಯಿರಿ. ಇಟಲಿ ದೇಶ ಒಂದು ಎತ್ತರದ ಬೂಟಿನ ಹಾಗಿದೆ. ಆ ಬೂಟಿನ ತುದಿ ಒದೆಯಲು ಹೊರಟಿರುವ ತ್ರಿಕೋನದ ಕಲ್ಲೇ ಸಿಸಿಲಿ. ಮೆಡಿಟರೇನಿಯನ್ ಸಮುದ್ರದ ಅತಿ ದೊಡ್ಡ ದ್ವೀಪ ಅದು. ವಿಸ್ತೀರ್ಣ ಸುಮಾರು 25,700 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ್ದು 1,91,791. ಭಾಗಿಸಿ ನೋಡಿ, ನಮ್ಮ ರಾಜ್ಯದೊಳಗೆ ಏಳು ಸಿಸಿಲಿಗಳು ಹಿಡಿದು ಇನ್ನೂ ಸ್ವಲ್ಪ ಜಾಗ ಉಳಿಯುತ್ತದೆ. ಇಟಲಿಗೂ ಸಿಸಿಲಿಗೂ ನಡುವೆ ಮೆಸಿನಾ ಜಲಸಂಧಿ. ಕಿರಿದಾದ ಕಡೆ ಅದರ ಅಗಲ ಮೂರು ಕಿಲೋಮೀಟರ್ ಮಾತ್ರ. ಆದರೂ ಸೇತುವೆ ಇಲ್ಲ. ರೋಮ್ ಕಡೆಯಿಂದ ಬರುವ ರೈಲಿನ ಡಬ್ಬಿಗಳನ್ನು ಬಿಡಿಬಿಡಿಯಾಗಿ ಹಡಗಿನೊಳಗೆ ತಳ್ಳಿ, ಆಚೆ ದಡದಲ್ಲಿ ಮತ್ತೆ ಜೋಡಿಸುತ್ತಾರೆ. ರೈಲು ಹಡಗು ಹತ್ತುವ ಊರು!

ಇಷ್ಟು ಸಣ್ಣ ದ್ವೀಪವನ್ನು ಗ್ರೀಕರು, ಕಾರ್ಥೇಜಿನವರು, ರೋಮನ್ನರು, ಅರಬರು, ನಾರ್ಮನ್ನರು, ಸ್ಪೇನಿನವರು ಒಬ್ಬರಾದ ಮೇಲೊಬ್ಬರು ಆಳಿದ್ದಾರೆ. ಹಾಗಾಗಿ ನೋಡುವುದಕ್ಕೆ ಬೇಕಾದಷ್ಟಿದೆ. ಅದೇ ತೊಂದರೆ ಕೂಡ. ನೋಡುವುದು ಹೆಚ್ಚಿದ್ದಷ್ಟೂ ಕರಪತ್ರದ ಪಟ್ಟಿ ಉದ್ದವಾಗುತ್ತದೆ, ನಿಲ್ಲುವ ಹೊತ್ತು ಕಡಿಮೆಯಾಗುತ್ತದೆ.

ಪಟ್ಟಿಗಿಂತ ಮುಖ್ಯವಾದದ್ದು ತಿಂಗಳು. ‘ಬಿಸಿಲಿನ ನಾಡು’ ಎಂದು ಕರಪತ್ರದಲ್ಲಿ ಹೊಗಳಿರುತ್ತಾರೆ. 2021ರ ಆಗಸ್ಟ್ 11ರಂದು ಸಿರಾಕ್ಯೂಸಿನ ಹತ್ತಿರ 48.8 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಯಿತು. ಯುರೋಪ್ ಖಂಡದಲ್ಲೇ ಅದು ದಾಖಲೆ ಎಂದು ವಿಶ್ವ ಹವಾಮಾನ ಸಂಸ್ಥೆ ಒಪ್ಪಿದೆ. ನಮ್ಮ ರಾಯಚೂರು, ಕಲಬುರಗಿಯವರೂ ಹುಬ್ಬೇರಿಸುವ ಬಿಸಿಲು. ಜುಲೈ, ಆಗಸ್ಟಿನಲ್ಲಿ ಅಗ್ಗದ ಪ್ರವಾಸ ಸಿಕ್ಕಿದರೂ ವಯಸ್ಸಾದವರು ದೂರ ಇರುವುದು ಒಳ್ಳೆಯದು. ಏಪ್ರಿಲ್ ಕೊನೆ, ಮೇ ಮೊದಲ ವಾರ ಅಲ್ಲಿ ವಸಂತ. ಹೊಲದ ತುಂಬ ಹೂವು, ನಡೆಯಲು ಹಿತವಾದ ಹವೆ. ನಮ್ಮ ಮಕ್ಕಳಿಗೂ ಅದೇ ಬೇಸಿಗೆ ರಜೆ. ಅದು ತಪ್ಪಿದರೆ ದಸರಾ ರಜೆಯ ಅಕ್ಟೋಬರ್.

ಮೂರು ಕರಪತ್ರ, ಒಂದು ಕೋಷ್ಟಕ

ನಮ್ಮ ಕೈಗೆ ಮೂರು ಕರಪತ್ರ ಬಂದವು. ಹೆಸರು ಬೇಡ, ಒಂದು, ಎರಡು, ಮೂರು ಎಂದೇ ಕರೆಯೋಣ.

ಒಂದನೆಯದು: 8 ಹಗಲು, 7 ರಾತ್ರಿ, 15 ಸ್ಥಳ, 5 ಹೋಟೆಲ್. ತಲೆಗೆ ₹2,10,000.

ಎರಡನೆಯದು: 10 ಹಗಲು, 9 ರಾತ್ರಿ, 9 ಸ್ಥಳ, 3 ಹೋಟೆಲ್. ತಲೆಗೆ ₹2,66,000.

ಮೂರನೆಯದು ಹಡಗಿನ ಪ್ರವಾಸ. ಏಳು ರಾತ್ರಿ ಹಡಗಿನಲ್ಲೇ ವಾಸ, ದಿನಕ್ಕೊಂದು ಬಂದರು. ಸಿಸಿಲಿಯಲ್ಲಿ ಪಲೆರ್ಮೊ ಒಂದು ದಿನ, ಮೆಸಿನಾ ಒಂದು ದಿನ.

“ಒಂದನೆಯದೇ ಅಗ್ಗ, ಸ್ಥಳವೂ ಹೆಚ್ಚು” ಎಂದಳು ಮೊಮ್ಮಗಳು. “ಲೆಕ್ಕ ಹಾಕು” ಎಂದು ಕಾಗದ, ಪೆನ್ಸಿಲ್ ಕೊಟ್ಟೆ.

ಬೆಂಗಳೂರಿನಿಂದ ಸಿಸಿಲಿಗೆ ನೇರ ವಿಮಾನವಿಲ್ಲ. ಎಲ್ಲಾದರೂ ಇಳಿದು ಹತ್ತಬೇಕು. ಆದ್ದರಿಂದ ಮೊದಲ ದಿನ ಮತ್ತು ರಾತ್ರಿ ವಿಮಾನಕ್ಕೆ ಜಮಾ. ಎರಡನೆಯ ದಿನ ಇಳಿದು, ಕೋಣೆ ಸೇರಿ, ಮಲಗುವುದಕ್ಕೆ. ಕೊನೆಯ ದಿನ ಪೆಟ್ಟಿಗೆ ಕಟ್ಟುವುದಕ್ಕೆ. ಈ ಮೂರು ದಿನ ಕಳೆದರೆ ಒಂದನೆಯ ಪ್ರವಾಸದಲ್ಲಿ ಪೂರ್ತಿ ದಿನಗಳು ಉಳಿಯುವುದು 5. ಎರಡನೆಯದರಲ್ಲಿ 7. ಈಗ ದರವನ್ನು ಪೂರ್ತಿ ದಿನಗಳಿಂದ ಭಾಗಿಸಬೇಕು. ಒಂದನೆಯದು ದಿನಕ್ಕೆ ₹42,000. ಎರಡನೆಯದು ದಿನಕ್ಕೆ ₹38,000. ‘ಅಗ್ಗ’ದ ಪ್ರವಾಸ ದಿನಕ್ಕೆ ನಾಲ್ಕು ಸಾವಿರ ದುಬಾರಿ! ಮೊಮ್ಮಗಳು ಎರಡು ಸಲ ಭಾಗಾಕಾರ ಮಾಡಿ ನೋಡಿದಳು. ಉತ್ತರ ಬದಲಾಗಲಿಲ್ಲ.

ಆಮೇಲೆ ಗಂಟೆಯ ಲೆಕ್ಕ. 5 ದಿನಕ್ಕೆ 15 ಸ್ಥಳ ಎಂದರೆ ದಿನಕ್ಕೆ 3. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಹತ್ತು ಗಂಟೆ. ಊಟ, ತಿಂಡಿ, ಶೌಚ ಎಂದು ಎರಡು ಗಂಟೆ ಬಿಡಿ. ಪಲೆರ್ಮೊದಿಂದ ಅಗ್ರಿಜೆಂಟೊಗೆ ಸುಮಾರು 130 ಕಿಲೋಮೀಟರ್, ಪಲೆರ್ಮೊದಿಂದ ಕತಾನಿಯಾಕ್ಕೆ 200ಕ್ಕೂ ಹೆಚ್ಚು. ದಿನಕ್ಕೆ ಮೂರು, ನಾಲ್ಕು ಗಂಟೆ ಬಸ್ಸು. ಉಳಿದ ನಾಲ್ಕೈದು ಗಂಟೆಯನ್ನು ಮೂರು ಸ್ಥಳಕ್ಕೆ ಹಂಚಿದರೆ ಒಂದೊಂದಕ್ಕೆ ಒಂದೂವರೆ ಗಂಟೆ. ಅದರಲ್ಲೂ ನಲವತ್ತು ಜನ ಬಸ್ಸಿನಿಂದ ಇಳಿದು, ಮತ್ತೆ ಹತ್ತಿ, ತಲೆ ಎಣಿಸುವ ಹೊತ್ತು ಸೇರಿದೆ. ಹೋಟೆಲ್ ಬದಲಾಯಿಸುವ ದಿನ ಆರೂವರೆಗೇ ಪೆಟ್ಟಿಗೆ ಬಾಗಿಲಾಚೆ ಇಡಬೇಕು.

ಹಡಗಿನದು ಕೆಟ್ಟ ಆಯ್ಕೆಯಲ್ಲ. ಪೆಟ್ಟಿಗೆ ಒಂದೇ ಸಲ ಬಿಚ್ಚಿದರೆ ಸಾಕು, ಲಿಫ್ಟ್ ಇದೆ, ವೈದ್ಯರಿದ್ದಾರೆ, ಸುಸ್ತಾದರೆ ಹಡಗಿನಲ್ಲೇ ಉಳಿದು ಸಮುದ್ರ ನೋಡಬಹುದು. ಹೆಚ್ಚು ನಡೆಯಲಾಗದವರಿಗೆ ಅದೇ ಸರಿ. ಆದರೆ ಆ ಹಡಗು ಸಿರಾಕ್ಯೂಸಿಗೆ ಹೋಗುವುದಿಲ್ಲ. ನಮ್ಮ ಮಟ್ಟಿಗೆ ಅದು ಮದುಮಗನಿಲ್ಲದ ಮದುವೆ.

ಕರಪತ್ರದ ಕನ್ನಡ

ಈ ಕಾಗದಗಳಲ್ಲಿ ಕೆಲವು ಪದಗಳಿಗೆ ನಿಘಂಟಿನಲ್ಲಿಲ್ಲದ ಅರ್ಥವಿರುತ್ತದೆ. ‘ಫೋಟೋ ಸ್ಟಾಪ್’ ಎಂದರೆ ಹದಿನೈದು ನಿಮಿಷ, ಒಳಗೆ ಹೋಗುವಂತಿಲ್ಲ. ‘ವಿಹಂಗಮ ನೋಟ’ ಎಂದರೆ ಬಸ್ಸು ನಿಲ್ಲುವುದೇ ಇಲ್ಲ. ‘ಐಚ್ಛಿಕ’ ಎಂದರೆ ಬೇರೆ ದುಡ್ಡು. ‘ಸಮಯಾವಕಾಶ ಇದ್ದಲ್ಲಿ’ ಎಂದರೆ ಇರುವುದಿಲ್ಲ. ‘ಸಿರಾಕ್ಯೂಸ್ ನಗರದ ಸಮೀಪ ಹೋಟೆಲ್’ ಎಂದರೆ ಹೆದ್ದಾರಿಯ ಪಕ್ಕ. ಸಂಜೆ ಹೊರಗೆ ಕಾಲಿಟ್ಟರೆ ಪೆಟ್ರೋಲ್ ಬಂಕ್ ಕಾಣುತ್ತದೆ. ಹೋಟೆಲಿನ ಹೆಸರು, ರಸ್ತೆ ಕೇಳಿ ನಕ್ಷೆಯಲ್ಲಿ ಹುಡುಕಬೇಕು. ಈ ಕೆಲಸಕ್ಕೆ ಮೊಮ್ಮಕ್ಕಳಿಗಿಂತ ಒಳ್ಳೆಯ ಗುಮಾಸ್ತರು ಸಿಗುವುದಿಲ್ಲ.

ದರದಲ್ಲಿ ಸೇರದ ಪಟ್ಟಿಯನ್ನೂ ನೋಡಿ. ಇಟಲಿಯ ಬಹುಪಾಲು ಪ್ರವಾಸಿ ಊರುಗಳಲ್ಲಿ ತಲೆಗೆ, ರಾತ್ರಿಗೆ ಇಷ್ಟು ಎಂದು ಊರಿನ ತೆರಿಗೆ ಇರುತ್ತದೆ. ಸಾಮಾನ್ಯವಾಗಿ ಅದನ್ನು ಹೋಟೆಲಿನಲ್ಲೇ ಕಟ್ಟಬೇಕು. ಊಟದ ಮೇಜಿಗೆ ಕೂತರೆ ‘ಕೊಪೆರ್ತೊ’ ಎಂದು ಬಿಲ್ಲಿನಲ್ಲಿ ಸಣ್ಣ ಮೊತ್ತ ಸೇರುವುದು ಅಲ್ಲಿನ ಪದ್ಧತಿ. ಎಟ್ನಾ ಪರ್ವತದ ಕೇಬಲ್ ಕಾರ್ ಒಂದನೆಯ ಪ್ರವಾಸದಲ್ಲಿ ‘ಐಚ್ಛಿಕ’, ಎರಡನೆಯದರಲ್ಲಿ ಸೇರಿತ್ತು.

ಕಾಲಿನ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ದುಡ್ಡಿಗೆ ಹೇಳಿದ್ದು. ಪ್ರವಾಸದಲ್ಲಿ ಅದು ನಿಜವಾದ ಕಾಲಿಗೂ ಅನ್ವಯಿಸುತ್ತದೆ. ಪ್ರತಿ ಸ್ಥಳಕ್ಕೂ ಎಷ್ಟು ನಡಿಗೆ, ಎಷ್ಟು ಮೆಟ್ಟಿಲು, ಕೂರಲು ಎಲ್ಲಿ ಜಾಗ, ಇವನ್ನು ಕೇಳಿ ಬರೆದುಕೊಂಡೆ.

ಅಗ್ರಿಜೆಂಟೊದ ‘ದೇವಾಲಯಗಳ ಕಣಿವೆ’ ವಾಸ್ತವವಾಗಿ ಕಣಿವೆಯಲ್ಲ, ಒಂದು ದಿಬ್ಬದ ಏಣು. ಅದರ ಉದ್ದಕ್ಕೂ ಗ್ರೀಕರ ಗುಡಿಗಳು ಸಾಲಾಗಿವೆ. ಕಾಂಕಾರ್ಡಿಯಾ ಎಂಬ ಗುಡಿ ಕ್ರಿಸ್ತಪೂರ್ವ ಐದನೆಯ ಶತಮಾನದ್ದು. ಮುಂದೆ ಅದನ್ನು ಚರ್ಚು ಮಾಡಿಕೊಂಡರು. ಬಳಕೆಯಲ್ಲಿದ್ದುದರಿಂದಲೇ ಅದು ಬೀಳದೆ ಉಳಿಯಿತು. ಮೇಲಿನ ಬಾಗಿಲಲ್ಲಿ, ಜೂನೋ ಗುಡಿಯ ಹತ್ತಿರ ಇಳಿಸಿ, ಕೆಳಗಿನ ಬಾಗಿಲಲ್ಲಿ ಹತ್ತಿಸಿಕೊಂಡರೆ ಪೂರ್ತಿ ಇಳಿಜಾರಿನ ನಡಿಗೆ. ಕೆಳಗಿನಿಂದ ಹೊರಟರೆ ಪೂರ್ತಿ ಏರು. ಅದೇ ಗುಡಿ, ಅದೇ ಟಿಕೆಟ್, ಬಸ್ಸು ಎಲ್ಲಿ ನಿಲ್ಲುತ್ತದೆ ಎಂಬುದಷ್ಟೇ ವ್ಯತ್ಯಾಸ. ಒಳ್ಳೆಯ ಮಾರ್ಗದರ್ಶಿಗೂ ಬರೀ ತಲೆ ಎಣಿಸುವವನಿಗೂ ಇರುವ ವ್ಯತ್ಯಾಸವೂ ಇಂಥದ್ದೇ.

ಪಿಯಾತ್ಸಾ ಅರ್ಮೆರಿನಾ ಊರಿನ ಬಳಿಯ ರೋಮನ್ ಬಂಗಲೆಯಲ್ಲಿ ನೆಲದ ತುಂಬ ಬಣ್ಣದ ಕಲ್ಲಿನ ಚೂರುಗಳ ಚಿತ್ರಗಳಿವೆ. ನಾಲ್ಕನೆಯ ಶತಮಾನದವು. ಚಿತ್ರದ ಮೇಲೆ ಕಾಲಿಡದಂತೆ ಎತ್ತರದಲ್ಲಿ ಓಡಾಡುವ ಹಲಗೆದಾರಿ ಮಾಡಿದ್ದಾರೆ. ‘ಮಹಾಬೇಟೆ’ ಎಂಬ ಉದ್ದನೆಯ ಪಡಸಾಲೆಯಲ್ಲಿ ಆನೆ, ಹುಲಿಗಳನ್ನು ಹಡಗಿಗೆ ಏರಿಸುವ ದೃಶ್ಯವಿದೆ. ಅದರ ತುದಿಯಲ್ಲಿ ಆನೆ ಮತ್ತು ಹುಲಿಯ ನಡುವೆ ದಂತ ಹಿಡಿದು ಕೂತ ಒಬ್ಬ ಹೆಂಗಸಿದ್ದಾಳೆ. ಆಕೆ ಭಾರತದ ಸಂಕೇತ ಎಂದು ಕೆಲವು ವಿದ್ವಾಂಸರ ಅಭಿಪ್ರಾಯ; ಬೇರೆ ಅಭಿಪ್ರಾಯಗಳೂ ಇವೆ. ಒಂದನೆಯ ಪ್ರವಾಸದ ಹದಿನೈದು ಸ್ಥಳಗಳಲ್ಲಿ ಇದು ಇರಲಿಲ್ಲ!

ಎಟ್ನಾ 3,300 ಮೀಟರಿಗೂ ಎತ್ತರದ ಜೀವಂತ ಜ್ವಾಲಾಮುಖಿ. ಬಸ್ಸು ಸುಮಾರು 1,900 ಮೀಟರಿನವರೆಗೆ ಹೋಗುತ್ತದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟು ಎತ್ತರಕ್ಕೆ. ಅಲ್ಲಿಂದ ಕೇಬಲ್ ಕಾರ್ 2,500 ಮೀಟರಿಗೆ ಒಯ್ಯುತ್ತದೆ. ಕೆಳಗೆ ಬಸ್ಸು ನಿಲ್ಲುವ ಜಾಗದ ಹತ್ತಿರವೇ 1892ರ ಸ್ಫೋಟದಿಂದ ಆದ ಸಿಲ್ವೆಸ್ತ್ರಿ ಕುಳಿಗಳಿವೆ. ಕಪ್ಪು, ಕೆಂಪು ಬೂದಿಯ ಆ ಬಾಣಲೆಗಳನ್ನು ನೋಡಲು ಬೆಟ್ಟ ಹತ್ತಬೇಕಿಲ್ಲ. ಮೊಮ್ಮಗಳು ಮೇಲೆ, ನಾವಿಬ್ಬರು ಕೆಳಗೆ ಎಂದು ಒಪ್ಪಂದವಾಯಿತು. ಮೇಲೆ ಹೋಗುವ ಮಕ್ಕಳ ಜೊತೆ ಸಂಸ್ಥೆಯ ಒಬ್ಬರು ಇರುತ್ತಾರೆ ಎಂಬುದನ್ನು ಬಾಯಿಮಾತಲ್ಲಿ ಅಲ್ಲ, ಕಾಗದದಲ್ಲಿ ಬರೆಸಿಕೊಂಡೆ. ಜ್ವಾಲಾಮುಖಿಗೆ ವೇಳಾಪಟ್ಟಿ ಇಲ್ಲ. ಅದು ಕೆರಳಿದ ದಿನ ಮೇಲೆ ಬಿಡುವುದಿಲ್ಲ. ಆಗ ಆ ಹಣ ವಾಪಸ್ ಬರುತ್ತದೆಯೇ ಎಂಬುದೂ ಕೇಳಬೇಕಾದ ಪ್ರಶ್ನೆ.

ಊಟದ ವಿಷಯ

‘ಪ್ರತಿ ರಾತ್ರಿ ಭಾರತೀಯ ಊಟ’ ಎಂಬ ಸಾಲು ನಮ್ಮ ವಯಸ್ಸಿನವರನ್ನು ಬೇಗ ಸೆಳೆಯುತ್ತದೆ. ಆದರೆ ಆ ಊಟ ಎಲ್ಲಿದೆ ಎಂದು ಕೇಳಿ. ಊಟಕ್ಕಾಗಿ ರಾತ್ರಿ ಮತ್ತೆ ಬಸ್ಸು ಹತ್ತಬೇಕಾದರೆ ಊರಿನ ಸಂಜೆಯೆಲ್ಲ ದಾಲ್ ಮತ್ತು ರೋಟಿಯ ಹಿಂದೆ ಹೋಗುತ್ತದೆ.

ಸಿಸಿಲಿಯಲ್ಲಿ ಸಸ್ಯಾಹಾರಿಗಳು ಉಪವಾಸ ಬೀಳಬೇಕಿಲ್ಲ. ಪಲೆರ್ಮೊದ ಬೀದಿಯಲ್ಲಿ ‘ಪನೆಲ್ಲೆ’ ಎಂದು ಮಾರುತ್ತಾರೆ. ಕಡಲೆಹಿಟ್ಟು ಬೇಯಿಸಿ, ಹರಡಿ, ಕತ್ತರಿಸಿ ಎಣ್ಣೆಯಲ್ಲಿ ಕರಿದದ್ದು. ನಮ್ಮ ಬಜ್ಜಿಯ ದೂರದ ನೆಂಟ. ಬದನೆಕಾಯಿಯ ‘ಕಪೊನಾತಾ’ ಹುಳಿ, ಸಿಹಿ ಸೇರಿದ ಪಲ್ಯ. ಬದನೆ ನಮ್ಮ ಕಡೆಯ ಗಿಡ. ಅರಬರು ಅದನ್ನು ಅಲ್ಲಿಗೆ ಮುಟ್ಟಿಸಿದರು. ಬದನೆಯದೇ ಇನ್ನೊಂದು ತಿನಿಸು ‘ಪಾಸ್ತಾ ಅಲ್ಲಾ ನೋರ್ಮಾ’, ಕತಾನಿಯಾದಲ್ಲಿ ಹುಟ್ಟಿದ ಸಂಗೀತಗಾರ ಬೆಲ್ಲಿನಿಯ ಸಂಗೀತ ನಾಟಕದ ಹೆಸರು ಹೊತ್ತದ್ದು. ಪಾಪಾಸುಕಳ್ಳಿಯ ಹಣ್ಣಿಗೆ ಅಲ್ಲಿ ‘ಭಾರತದ ಅಂಜೂರ’ ಎಂದು ಹೆಸರು. ಕಳ್ಳಿ ಬಂದದ್ದು ಅಮೆರಿಕದಿಂದ. ಕೊಲಂಬಸ್ ಅಮೆರಿಕವನ್ನೇ ಇಂಡಿಯಾ ಎಂದುಕೊಂಡದ್ದರ ಗುರುತು ಇನ್ನೂ ಹಣ್ಣಿನ ಅಂಗಡಿಯಲ್ಲಿದೆ. ಅಕ್ಕಿಯ ಉಂಡೆ ‘ಅರಾಂಚಿನಿ’ಯೊಳಗೆ ಹೆಚ್ಚಾಗಿ ಮಾಂಸವಿರುತ್ತದೆ, ಕೇಳಿ ತಿನ್ನಬೇಕು. ‘ಸೆಂತ್ಸಾ ಕಾರ್ನೆ’ ಎಂದರೆ ಮಾಂಸವಿಲ್ಲದೆ, ‘ಸೆಂತ್ಸಾ ಪೆಶೆ’ ಎಂದರೆ ಮೀನಿಲ್ಲದೆ. ಮೊಮ್ಮಗಳು ಇವೆರಡನ್ನೂ ಮಗ್ಗಿಯಂತೆ ಬಾಯಿಪಾಠ ಮಾಡಿದ್ದಾಳೆ. ಅವಲಕ್ಕಿ, ಚಟ್ನಿಪುಡಿ ನಮ್ಮ ಪೆಟ್ಟಿಗೆಯಲ್ಲಿರುತ್ತವೆ. ಯುರೋಪಿಗೆ ಹೊರಗಿನಿಂದ ಹಾಲಿನ, ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಧಾರವಾಡ ಪೇಡಾ ಮನೆಯಲ್ಲೇ ಇರಲಿ.

ಬ್ಯಾಂಕಿನವನ ಮಾತು

ಇಟಲಿಗೆ ಷೆಂಗೆನ್ ವೀಸಾ ಬೇಕು. ಅರ್ಜಿಯನ್ನು ಹೊರಡುವ ಆರು ತಿಂಗಳ ಮೊದಲಿನಿಂದ ಹಾಕಬಹುದು; ಕನಿಷ್ಠ 15 ದಿನ ಮುಂಚೆಯಾದರೂ ಹಾಕಬೇಕು. ಪಾಸ್‌ಪೋರ್ಟಿನ ಅವಧಿ ಅಲ್ಲಿಂದ ಹೊರಡುವ ದಿನದ ನಂತರ ಇನ್ನೂ ಮೂರು ತಿಂಗಳು ಇರಬೇಕು. ಮೊಮ್ಮಕ್ಕಳನ್ನು ಕರೆದೊಯ್ಯುವ ಅಜ್ಜ, ಅಜ್ಜಿಯರು ಒಂದು ಮುಖ್ಯ ಸಂಗತಿ ನೆನಪಿಡಿ. ಅಪ್ಪ, ಅಮ್ಮ ಜೊತೆಯಲ್ಲಿ ಬಾರದಿದ್ದರೆ ಅವರಿಬ್ಬರ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಕೊಡಬೇಕಾಗುತ್ತದೆ. ನಾವು ನಮ್ಮ ಮೊಮ್ಮಗಳೇ ಎಂದುಕೊಂಡರೂ ಕಾನೂನು ಕಾಗದ ಕೇಳುತ್ತದೆ.

ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ವಿಮೆ ಇದೆ ಎಂದರೆ ಸಾಲದು. ಎಪ್ಪತ್ತು ದಾಟಿದವರಿಗೆ ಏನು ಮಿತಿ, ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡದಿಂದ ಬಂದ ತೊಂದರೆಗೆ ಹಣ ಸಿಗುತ್ತದೆಯೇ, ಇವನ್ನು ಓದಬೇಕು. ನಮಗೆ ಮೊದಲು ಕೊಟ್ಟ ಪಾಲಿಸಿಯಲ್ಲಿ ಸಿಗುತ್ತಿರಲಿಲ್ಲ. ಸ್ವಲ್ಪ ಹೆಚ್ಚು ಕಂತು ಕಟ್ಟಿ ಬೇರೆಯದು ತೆಗೆದುಕೊಂಡೆವು. ಮಾತ್ರೆಗಳು, ವೈದ್ಯರ ಚೀಟಿ ಕೈಚೀಲದಲ್ಲೇ ಇರಲಿ, ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿ ಬೇಡ.

ಕೆಲವು ಸಂಸ್ಥೆಗಳು ದರವನ್ನು ಅರ್ಧ ರೂಪಾಯಿಯಲ್ಲಿ, ಅರ್ಧ ಯೂರೋದಲ್ಲಿ ಹೇಳುತ್ತವೆ. ಯೂರೋವನ್ನು ಯಾವ ದಿನದ ಬೆಲೆಗೆ ಲೆಕ್ಕ ಹಾಕುತ್ತೀರಿ ಎಂದು ಕೇಳಿ ಬರೆಸಿಕೊಳ್ಳಿ. ವಿದೇಶ ಪ್ರವಾಸದ ಹಣ ಕಟ್ಟುವಾಗ ಟಿಸಿಎಸ್ ಎಂದು ತೆರಿಗೆ ಸೇರಿಸುತ್ತಾರೆ. ದರ ಆಗಾಗ ಬದಲಾಗುತ್ತದೆ, ಆ ದಿನದ್ದನ್ನು ವಿಚಾರಿಸಿ. ಅದು ಕಳೆದುಹೋದ ಹಣವಲ್ಲ. ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ಹೆಚ್ಚಾದದ್ದು ಮರಳಿ ಬರುತ್ತದೆ. ಪಿಂಚಣಿದಾರರು ಇದನ್ನು ಮರೆಯಬಾರದು. ಅಲ್ಲಿನ ಅಂಗಡಿಯಲ್ಲಿ ಕಾರ್ಡ್ ಕೊಟ್ಟಾಗ ಯಂತ್ರ ‘ರೂಪಾಯಿಯೋ, ಯೂರೋವೋ’ ಎಂದು ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯದ ದರ ಆ ಯಂತ್ರದವರದು. ಸಾಮಾನ್ಯವಾಗಿ ನಷ್ಟ ನಿಮ್ಮದು. ಇನ್ನು, ‘ಈಗ ಹೋಗಿ ಬನ್ನಿ, ಆಮೇಲೆ ಕಂತಿನಲ್ಲಿ ಕಟ್ಟಿ’ ಎಂಬ ಜಾಹೀರಾತು. ಸಾಲ ಕೊಡುವ ಕಡೆ ಕೆಲಸ ಮಾಡಿದವನಾಗಿ ಹೇಳುತ್ತೇನೆ: ನೋಡಿದ ಸಮುದ್ರ ಎಂಟು ದಿನದ್ದು, ಕಂತು ಮೂರು ವರ್ಷದ್ದು.

ಅಜ್ಜಿಯ ಪರೀಕ್ಷೆ

ಇಷ್ಟೆಲ್ಲ ಕೋಷ್ಟಕ ಮಾಡಿದ ಮೇಲೆ ನಾನು ಎರಡನೆಯದಕ್ಕೆ ಸಹಿ ಹಾಕಲು ಸಿದ್ಧನಾಗಿದ್ದೆ. ನನ್ನಾಕೆ “ನಿಲ್ಲಿ, ನಾನೊಂದು ಪ್ರಶ್ನೆ ಕೇಳಬೇಕು” ಎಂದಳು.

ಪ್ರಶ್ನೆಯ ಹಿನ್ನೆಲೆ ಹೇಳುತ್ತೇನೆ. ಚಿನ್ನದ ಕಿರೀಟ, ಸ್ನಾನದ ತೊಟ್ಟಿ, ಯುರೇಕಾ ಕೂಗು, ಈ ಕಥೆ ಎಲ್ಲರಿಗೂ ಗೊತ್ತು. ಆರ್ಕಿಮಿಡೀಸನ ಇನ್ನೊಂದು ದೊಡ್ಡ ಸಾಧನೆ ಗೋಳದ ಲೆಕ್ಕ. ಒಂದು ಚೆಂಡು ಸರಿಯಾಗಿ ಕೂರುವಂಥ, ಚೆಂಡಿನಷ್ಟೇ ಅಗಲ, ಅಷ್ಟೇ ಎತ್ತರದ ಡಬ್ಬಿಯೊಳಗೆ ಚೆಂಡು ಇಟ್ಟರೆ, ಅದು ಡಬ್ಬಿಯ ಮೂರನೇ ಎರಡು ಭಾಗವನ್ನು ತುಂಬುತ್ತದೆ. ಮಕ್ಕಳೇ, ಅಂಥ ಡಬ್ಬಿ ಸಿಕ್ಕಿದರೆ ತುಂಬ ನೀರು ಹಾಕಿ, ಚೆಂಡನ್ನು ಒತ್ತಿ ಮುಳುಗಿಸಿ, ಚೆಲ್ಲಿದ ನೀರನ್ನೂ ಉಳಿದ ನೀರನ್ನೂ ಅಳೆಯಿರಿ. ಉಳಿದದ್ದರ ಎರಡರಷ್ಟು ಚೆಲ್ಲಿರುತ್ತದೆ.

ಕ್ರಿಸ್ತಪೂರ್ವ 212ರಲ್ಲಿ ರೋಮನ್ ಸೈನ್ಯ ಸಿರಾಕ್ಯೂಸನ್ನು ಗೆದ್ದಾಗ ಆತ ಸೈನಿಕನೊಬ್ಬನ ಕೈಯಲ್ಲಿ ಸತ್ತ. ಅವನ ಗೋರಿಯ ಮೇಲೆ ಗೋಳ ಮತ್ತು ಸಿಲಿಂಡರಿನ ಆಕೃತಿ ಇತ್ತು. ಕ್ರಿಸ್ತಪೂರ್ವ 75ರಲ್ಲಿ, ಅಂದರೆ 137 ವರ್ಷಗಳ ಮೇಲೆ, ರೋಮಿನ ಸಿಸೆರೊ ಸಿಸಿಲಿಗೆ ಅಧಿಕಾರಿಯಾಗಿ ಬಂದ. ಹುದ್ದೆ ಹಣಕಾಸಿನದು, ನನ್ನ ವೃತ್ತಿಬಾಂಧವ ಎನ್ನಬಹುದು. ಊರಿನವರು ಅಂಥ ಗೋರಿಯೇ ಇಲ್ಲ ಎಂದರು. ಸಿಸೆರೊ ಮುಳ್ಳುಪೊದೆಗಳ ನಡುವೆ ಹುಡುಕಿ, ಪೊದೆಯ ಮೇಲೆ ಇಣುಕುತ್ತಿದ್ದ ಗೋಳ, ಸಿಲಿಂಡರನ್ನು ಕಂಡು ಗೋರಿ ಪತ್ತೆ ಮಾಡಿದ. ಇದನ್ನು ಅವನೇ ಬರೆದಿಟ್ಟಿದ್ದಾನೆ. ಆಮೇಲೆ ಅದು ಮತ್ತೆ ಕಳೆದುಹೋಯಿತು. ಈಗ ಸಿರಾಕ್ಯೂಸಿನಲ್ಲಿ ‘ಆರ್ಕಿಮಿಡೀಸನ ಗೋರಿ’ ಎಂದು ಕರೆಯುವ ಗುಹೆ ರೋಮನ್ನರ ಕಾಲದ್ದು, ಅವನದಲ್ಲ.

ನನ್ನಾಕೆ ಮೊದಲ ಸಂಸ್ಥೆಗೆ ಫೋನ್ ಮಾಡಿ, “ಆರ್ಕಿಮಿಡೀಸನ ಗೋರಿ ತೋರಿಸುತ್ತೀರಾ?” ಎಂದಳು. “ಎಲ್ಲಾ ಇನ್‌ಕ್ಲೂಡೆಡ್ ಮೇಡಂ” ಎಂಬ ಉತ್ತರ ಅರೆಕ್ಷಣದಲ್ಲಿ ಬಂತು. ಎರಡನೆಯ ಸಂಸ್ಥೆಯ ಹುಡುಗ, “ನನಗೆ ಗೊತ್ತಿಲ್ಲ, ಕೇಳಿ ಹೇಳುತ್ತೇನೆ” ಎಂದ. ಮಾರನೆಯ ದಿನ ಅವನೇ ಫೋನ್ ಮಾಡಿದ. “ಅಮ್ಮಾ, ಅಲ್ಲಿನ ಗೈಡನ್ನು ಕೇಳಿದೆ. ಆ ಹೆಸರಿನಲ್ಲಿ ಒಂದು ಗುಹೆ ಇದೆಯಂತೆ, ಆದರೆ ನಿಜವಾದ ಗೋರಿ ಎಲ್ಲಿದೆಯೆಂದು ಯಾರಿಗೂ ತಿಳಿಯದಂತೆ.”

“ಇವರ ಜೊತೆ ಹೋಗೋಣ” ಎಂದಳು. ನನ್ನ ಎರಡು ಪುಟದ ಕೋಷ್ಟಕಕ್ಕಿಂತ ಅವಳ ಒಂದು ಪ್ರಶ್ನೆ ಹೆಚ್ಚು ಕೆಲಸ ಮಾಡಿತು. ‘ಗೊತ್ತಿಲ್ಲ, ಕೇಳಿ ಹೇಳುತ್ತೇನೆ’ ಎನ್ನುವವರು ಪರದೇಶದಲ್ಲಿ ಮಾತ್ರೆ ಕಳೆದುಹೋದರೂ, ವಿಮಾನ ತಡವಾದರೂ ಕೇಳಿ ಹೇಳುತ್ತಾರೆ. ಅದೂ ದರದಲ್ಲಿ ಸೇರಿದ ಹಾಗೆ.

ಎರಡನೆಯ ಪ್ರವಾಸದಲ್ಲಿ ಪಲೆರ್ಮೊ ಮೂರು ರಾತ್ರಿ, ಅಗ್ರಿಜೆಂಟೊ ಒಂದು, ಸಿರಾಕ್ಯೂಸ್ ನಾಲ್ಕು. ಬಿಟ್ಟುಹೋದದ್ದೂ ಇದೆ. ಬೆಟ್ಟದ ಮೇಲಿಂದ ಎಟ್ನಾ ಕಾಣುವ ತಾವೊರ್ಮಿನಾದ ಬಯಲು ರಂಗಮಂದಿರ ಇದರಲ್ಲಿಲ್ಲ. ಅದರ ಚಿತ್ರ ನೋಡಿದ್ದ ಮೊಮ್ಮಗಳು ಎರಡು ದಿನ ಮುಖ ಊದಿಸಿಕೊಂಡಳು. ಬದಲಿಗೆ ಪಲೆರ್ಮೊದಲ್ಲಿ ‘ಪೂಪಿ’ ಗೊಂಬೆಯಾಟ ಅವಳ ಪಾಲಿಗೆ. ಲೋಹದ ಕವಚ ತೊಟ್ಟ ವೀರರ ಗೊಂಬೆಗಳು ಖಣಖಣ ಕತ್ತಿ ಬೀಸುವ ಆ ಆಟವನ್ನು ಯುನೆಸ್ಕೋ 2001ರಲ್ಲೇ ಗೌರವಿಸಿದೆ. ಸಿರಾಕ್ಯೂಸಿನಲ್ಲಿ ‘ಡಯೊನೀಸಿಯಸನ ಕಿವಿ’ ಎಂಬ ಗುಹೆ ಇದೆ. ಪಿಸುಮಾತೂ ಮಾರ್ದನಿಸುತ್ತದೆ, ನಮ್ಮ ಗೋಳಗುಮ್ಮಟದ ಹಾಗೆ. ಊರಿನ ದೊಡ್ಡ ಚರ್ಚಿನ ಗೋಡೆಯಲ್ಲಿ ಎರಡು ಸಾವಿರದ ನಾನೂರು ವರ್ಷಕ್ಕೂ ಹಳೆಯ ಅಥೀನಾ ಗುಡಿಯ ಕಂಬಗಳು ಹಾಗೇ ನಿಂತಿವೆ. ಆರ್ಕಿಮಿಡೀಸ್ ನೋಡಿದ ಕಂಬಗಳು. ನಮ್ಮ ಹೋಟೆಲಿನಿಂದ ಅಲ್ಲಿಗೆ ಸಮತಟ್ಟಾದ ದಾರಿ, ನಡುವೆ ಕೂರಲು ಕಲ್ಲುಬೆಂಚು ಇದೆಯೆಂದು ಆ ಹುಡುಗ ಹೇಳಿದ್ದಾನೆ.

ನನ್ನಾಕೆ ಈಗ ಬೆಳಿಗ್ಗೆ ಉದ್ಯಾನದಲ್ಲಿ ನಡಿಗೆ ಹೆಚ್ಚಿಸಿದ್ದಾಳೆ. ಮೊದಲು ಒಂದು ಸುತ್ತು, ಈಗ ನಾಲ್ಕು. ಅವಳ ಪೆಟ್ಟಿಗೆಯಲ್ಲಿ ಒಂದು ಸಣ್ಣ ಸ್ಪ್ರಿಂಗ್ ತಕ್ಕಡಿ ಸೇರಿದೆ. “ಕಲ್ಲು, ನೀರು ಅಲ್ಲೇ ಸಿಗುತ್ತೆ. ಒಂದು ಪಿರಿಯಡ್ ಸಾಕು” ಎನ್ನುತ್ತಾಳೆ.

ಓದುಗ ಮಿತ್ರರೇ, ಎಲ್ಲರೂ ಸಿಸಿಲಿಗೆ ಹೋಗಬೇಕಿಲ್ಲ. ಬೇಲೂರು, ಹಳೇಬೀಡಿಗೆ ಹೊರಟರೂ ಈ ಕೋಷ್ಟಕ ಮಾಡಬಹುದು. ಮಕ್ಕಳು ಗಂಟೆ ಮತ್ತು ದುಡ್ಡಿನ ಲೆಕ್ಕ ಬರೆಯಲಿ, ಹಿರಿಯರು ಮೆಟ್ಟಿಲಿನ ಲೆಕ್ಕ ಬರೆಯಲಿ. ಕೊನೆಯ ಅಂಕಣಕ್ಕೆ ‘ಯಾರಿಗಾಗಿ ಹೋಗುತ್ತಿದ್ದೇವೆ?’ ಎಂದು ತಲೆಬರಹ ಕೊಡಿ. ಅದನ್ನು ಮೊದಲು ತುಂಬಿದರೆ ಉಳಿದ ಅಂಕಣಗಳು ಬೇಗ ತುಂಬುತ್ತವೆ.